ಒಂದು ಕಾದಂಬರಿ, ಎರಡು ಸಿನಿಮಾ, ಹದಿನಾಲ್ಕರ ಒಬ್ಬ ಹುಡುಗಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



"ನಿಮಗ ಸೇರಿದ ಒಂದು ಪುಸ್ತಕದ ಬಗ್ಗೆ ಮಾತಾಡ್ರಿ" ಎಂದು ಮುಖ್ಯಗುರುಗಳು ಫೋನಿನಲ್ಲಿ ಹೇಳಿದರು. ಬೇಂದ್ರೆಯವರದೋ, ಹಲಸಂಗಿ ಗೆಳೆಯರದೋ ಪುಸ್ತಕ ಆರಿಸಿಕೊಳ್ಳುತ್ತೇನೆ ಎಂದುಕೊಂಡಿದ್ದರೇನೋ. "ಅಮೆರಿಕದ್ದೊಂದು ಕೌಬಾಯ್ ಕಾದಂಬರಿ ಅದರಿ" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಅವರು, "ಆಗಲಿ ಬಿಡ್ರಿ, ಕುದುರಿ ಕಥಿ ಅಂದ್ರ ಹುಡುಗರು ಗದ್ದಲ ಮಾಡದ ಕೂಡ್ತಾರ" ಎಂದರು. ಆ ಧೈರ್ಯದ ಮೇಲೆ ಬಂದಿದ್ದೇನೆ.

ನಾನು ಹುಟ್ಟಿದ್ದು ಈ ಊರಿನಲ್ಲಲ್ಲ. ನನ್ನ ತಂದೆಯ ಊರು ಬಬಲೇಶ್ವರದ ಕಡೆ, ಡೋಣಿ ಸಾಲಿನ ಎರೆ ಭೂಮಿ. ನಾನು ಏಳನೆಯ ತರಗತಿ ಮುಗಿಸುವ ಹೊತ್ತಿಗೆ ತಂದೆ ತೀರಿಕೊಂಡರು. ಅವ್ವ ನಮ್ಮನ್ನು ಕರೆದುಕೊಂಡು ಟಿಕೋಟಾಕ್ಕೆ, ತನ್ನ ತವರಿಗೆ ಬಂದಳು. ಎಂಟನೆಯ ತರಗತಿಗೆ ನಾನು ಈ ಶಾಲೆಗೆ ಸೇರಿದೆ. ಈಗ ವಿಜಯಪುರದಲ್ಲಿ ಬ್ಯಾಂಕಿನ ಕೆಲಸ, ಸಂಸಾರ. ಇಷ್ಟನ್ನು ಯಾಕೆ ಹೇಳಿದೆ ಎನ್ನುವುದು ಮುಂದೆ ತಿಳಿಯುತ್ತದೆ.

ಮೊದಲು ಪುಸ್ತಕದ ಹೆಸರು ಹೇಳಿಬಿಡುತ್ತೇನೆ: 'ಟ್ರೂ ಗ್ರಿಟ್'. ಬರೆದವರು ಚಾರ್ಲ್ಸ್ ಪೋರ್ಟಿಸ್, ಪ್ರಕಟವಾದದ್ದು 1968ರಲ್ಲಿ. ಅದನ್ನು ಆಧರಿಸಿ 1969ರಲ್ಲಿ ಒಂದು, 2010ರಲ್ಲಿ ಇನ್ನೊಂದು ಸಿನಿಮಾ ಬಂತು. 'ಗ್ರಿಟ್' ಎಂದರೆ ಕೆಚ್ಚು, ಎದೆಗಾರಿಕೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಮಾತಿದೆ: ಗಂಡೆದೆ. ಆ ಮಾತನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ಕೌಬಾಯ್ ಕಥೆ ನಮಗೆ ತೀರ ಹೊರಗಿನದಲ್ಲ. 1975ರ 'ಶೋಲೆ'ಯನ್ನು ನೋಡದವರು ಇಲ್ಲಿ ಯಾರಿದ್ದೀರಿ? ಅದರ ರಾಮಗಡ ನಮ್ಮ ರಾಮನಗರದ ಬಂಡೆಗಳ ನಡುವೆ ಎಬ್ಬಿಸಿದ ಊರು. 1978ರಲ್ಲಿ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಮಾಡಿ ಶಂಕರನಾಗ್ ಅವರನ್ನು ತೆರೆಗೆ ತಂದರು. ಆಗ ಅವರ ಕಣ್ಣ ಮುಂದೆ ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳಿದ್ದವು. ಅದೇ ಕುರೊಸಾವಾ ಅವರ 'ಸೆವೆನ್ ಸಮುರಾಯ್' ಅಮೆರಿಕಕ್ಕೆ ಹೋಗಿ 1960ರಲ್ಲಿ ಕೌಬಾಯ್ ಚಿತ್ರವಾಗಿತ್ತು. ಕುದುರೆ, ಧೂಳು, ಕಾನೂನು ಮುಟ್ಟದ ಊರು, ಸೇಡು, ಇವು ದೇಶದಿಂದ ದೇಶಕ್ಕೆ ಹೀಗೆ ಓಡಾಡುತ್ತವೆ. ಆದರೆ ಇಂಥ ಕಥೆಗಳಲ್ಲಿ ಹೆಣ್ಣುಮಕ್ಕಳು ಹೆಚ್ಚಾಗಿ ಬಾಗಿಲಲ್ಲಿ ಕಾಯುವವರು, ಇಲ್ಲವೆ ಯಾರಾದರೂ ಬಂದು ಕಾಪಾಡಬೇಕಾದವರು. 'ಟ್ರೂ ಗ್ರಿಟ್' ನನ್ನನ್ನು ಹಿಡಿದು ಕೂರಿಸಿದ್ದು ಇಲ್ಲಿ ಬೇರೆಯಾದದ್ದರಿಂದ.

2020ರ ಲಾಕ್‌ಡೌನ್ ದಿನಗಳಲ್ಲಿ ಕಾಲೇಜು ಮುಚ್ಚಿ ಮಗ ಮನೆಯಲ್ಲೇ ಇದ್ದ. ಒಂದು ರಾತ್ರಿ ಕಂಪ್ಯೂಟರಿನಲ್ಲಿ ಹೊಸ 'ಟ್ರೂ ಗ್ರಿಟ್' ಹಾಕಿದ. ನಾನು ಕಡಲೆ ಬಿಡಿಸುತ್ತ ಒಂದು ಕಣ್ಣಿನಿಂದ ನೋಡುತ್ತಿದ್ದವಳು, ಹತ್ತು ನಿಮಿಷಕ್ಕೆ ಮರ ಬದಿಗಿಟ್ಟು ಎರಡೂ ಕಣ್ಣಿನಿಂದ ನೋಡಿದೆ. ಮರುವಾರ ಹಳೆಯದನ್ನು ನೋಡಿದೆವು. ಆಮೇಲೆ ಪುಸ್ತಕ ತರಿಸಿದೆ. ನಾನು ಕನ್ನಡ ಮಾಧ್ಯಮದವಳು. ಮಗ್ಗುಲಲ್ಲಿ ನಿಘಂಟು ಇಟ್ಟುಕೊಂಡು ಆ ಸಣ್ಣ ಪುಸ್ತಕ ಓದಿ ಮುಗಿಸಲು ಎರಡು ತಿಂಗಳು ಬೇಕಾಯಿತು. ಅದರ ಲೇಖಕರು ಅದೇ ವರ್ಷದ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು ಎಂದು ಓದಿದ ಮೇಲೆ ತಿಳಿಯಿತು.

ಕಥೆ ಇಷ್ಟು. ಅಮೆರಿಕದ ಆರ್ಕನ್ಸಾ ರಾಜ್ಯದ ಒಂದು ಒಕ್ಕಲುತನದ ಮನೆ. ಹದಿನಾಲ್ಕು ವರ್ಷದ ಹಿರಿಯ ಮಗಳು ಮ್ಯಾಟಿ ರಾಸ್. ತಂದೆ ಕುದುರೆ ಕೊಳ್ಳಲು ಫೋರ್ಟ್ ಸ್ಮಿತ್ ಎಂಬ ಪಟ್ಟಣಕ್ಕೆ ಹೋದಾಗ, ಜೊತೆಗಿದ್ದ ಆಳು ಟಾಮ್ ಚೇನಿ ಅವನನ್ನು ಕೊಂದು, ಹಣ ಮತ್ತು ಕುದುರೆ ದೋಚಿಕೊಂಡು ಪರಾರಿಯಾಗುತ್ತಾನೆ. ಹೋದದ್ದು ಇಂಡಿಯನ್ ಟೆರಿಟರಿಗೆ. ಮೂಲನಿವಾಸಿಗಳನ್ನು ಅವರವರ ನೆಲದಿಂದ ಎಬ್ಬಿಸಿ ಕಳಿಸಿದ್ದ ಆ ಸೀಮೆ ಇಂದಿನ ಒಕ್ಲಹೋಮಾ ರಾಜ್ಯದಲ್ಲಿದೆ. ಅಲ್ಲಿಗೆ ಓಡಿದ ಅಪರಾಧಿಗಳನ್ನು ಹಿಡಿದು ತರುವ ಅಧಿಕಾರ ಫೋರ್ಟ್ ಸ್ಮಿತ್‌ನ ಕೇಂದ್ರ ನ್ಯಾಯಾಲಯದ ಮಾರ್ಷಲ್‌ಗಳಿಗಿತ್ತು. ಕಾದಂಬರಿಯಲ್ಲಿ ಬರುವ ನ್ಯಾಯಾಧೀಶ ಐಸಾಕ್ ಪಾರ್ಕರ್ ನಿಜವಾಗಿ ಇದ್ದವರು. 1875ರಿಂದ 1896ರವರೆಗೆ ಅಲ್ಲಿ ನ್ಯಾಯ ನಡೆಸಿದ ಅವರನ್ನು ಜನ 'ಗಲ್ಲಿನ ಜಡ್ಜ್' ಎನ್ನುತ್ತಿದ್ದರು.

ತಾಯಿ ದುಃಖದಲ್ಲಿದ್ದಾಳೆ, ತಮ್ಮ ತಂಗಿ ಸಣ್ಣವರು. ತಂದೆಯ ದೇಹವನ್ನು ಊರಿಗೆ ಕಳಿಸಲು ಬಂದ ಮ್ಯಾಟಿ ತಾನು ಊರಿಗೆ ಮರಳುವುದಿಲ್ಲ. ಕೊಲೆಗಾರನನ್ನು ಹಿಡಿಸಲು ನಿಲ್ಲುತ್ತಾಳೆ. ಯಾವ ಮಾರ್ಷಲ್ ಒಳ್ಳೆಯವನು ಎಂದು ವಿಚಾರಿಸಿದಾಗ ಮೂವರ ಹೆಸರು ಸಿಗುತ್ತದೆ. ಒಬ್ಬ ಜಾಡು ಹಿಡಿಯುವುದರಲ್ಲಿ ಗಟ್ಟಿಗ, ಒಬ್ಬ ನ್ಯಾಯವಂತ, ಇನ್ನೊಬ್ಬ ಕನಿಕರವಿಲ್ಲದ ಕಟುಕ. ಅವಳು ಆರಿಸುವುದು ಮೂರನೆಯವನನ್ನು. ಅವನೇ ರೂಸ್ಟರ್ ಕಾಗ್‌ಬರ್ನ್: ಒಂದೇ ಕಣ್ಣು, ದೊಡ್ಡ ಹೊಟ್ಟೆ, ಸದಾ ಕುಡಿತ. ಬೇರೊಂದು ಕೊಲೆಗಾಗಿ ಅದೇ ಚೇನಿಯನ್ನು ಹುಡುಕುತ್ತ ಟೆಕ್ಸಸ್‌ನಿಂದ ಬಂದ ಲೆಬೀಫ್ ಎಂಬ ರೇಂಜರ್ ಕೂಡ ಜೊತೆಯಾಗುತ್ತಾನೆ. ಇಬ್ಬರೂ ಅವಳನ್ನು ಹೊಳೆಯ ಈಚೆಗೇ ಬಿಟ್ಟು ಹೋಗಲು ನೋಡುತ್ತಾರೆ. ಅವಳು ಕುದುರೆಯನ್ನು ಹೊಳೆಗಿಳಿಸಿ, ಈಸಿಕೊಂಡೇ ಆಚೆ ದಡ ಸೇರುತ್ತಾಳೆ.

ಎಲ್ಲರೂ ಗುಂಡಿನ ಕಾಳಗದ ದೃಶ್ಯಗಳನ್ನು ಹೊಗಳುತ್ತಾರೆ. ನನ್ನ ಮೆಚ್ಚಿನ ದೃಶ್ಯದಲ್ಲಿ ಒಂದೂ ಗುಂಡು ಹಾರುವುದಿಲ್ಲ, ಅಲ್ಲಿ ನಡೆಯುವುದು ಚೌಕಾಶಿ. ಮ್ಯಾಟಿಯ ತಂದೆ ಸ್ಟೋನ್‌ಹಿಲ್ ಎಂಬ ವ್ಯಾಪಾರಿಯಿಂದ ಕುದುರೆಮರಿಗಳನ್ನು ಕೊಂಡಿದ್ದ. ಅವನ ಸ್ವಂತ ಕುದುರೆ ಕಳುವಾದದ್ದು ಅದೇ ವ್ಯಾಪಾರಿಯ ಲಾಯದಿಂದ. ಮ್ಯಾಟಿ ಹೋಗಿ ಎದುರು ಕೂರುತ್ತಾಳೆ. ಈ ಕುದುರೆಗಳು ನಮಗೆ ಬೇಡ, ವಾಪಸು ತಗೊಂಡು ಹಣ ಕೊಡಿ. ನಿಮ್ಮ ಕಾವಲಿನಲ್ಲಿದ್ದಾಗ ಕಳುವಾದ ಕುದುರೆಯ ಬೆಲೆಯನ್ನೂ ಕೊಡಿ. ಅವನು ನಗುತ್ತಾನೆ, ಗದರಿಸುತ್ತಾನೆ, ಕಾನೂನು ಹೇಳುತ್ತಾನೆ. ಅವಳು ದನಿ ಏರಿಸುವುದಿಲ್ಲ. ಲೆಕ್ಕ ಹೇಳುತ್ತಾಳೆ, ತಮ್ಮ ವಕೀಲ ಡ್ಯಾಗೆಟ್ ಅವರ ಹೆಸರು ಹೇಳುತ್ತಾಳೆ, ಮತ್ತೆ ಲೆಕ್ಕ ಹೇಳುತ್ತಾಳೆ. ಕೊನೆಗೆ ಆ ಮನುಷ್ಯ ಸುಸ್ತಾಗಿ ಹಣ ಎಣಿಸುತ್ತಾನೆ. ಆಮೇಲೆ ಅವಳು ಮತ್ತೆ ಬಂದು, ಅದೇ ಕುದುರೆಮರಿಗಳಲ್ಲಿ ಒಂದನ್ನು ತನಗಾಗಿ ಕೊಳ್ಳಲು ಇನ್ನೊಂದು ಸುತ್ತು ಚೌಕಾಶಿ ಹೂಡುತ್ತಾಳೆ.

ಮಗ ಬಿದ್ದು ಬಿದ್ದು ನಗುತ್ತಿದ್ದ. ನನಗೆ ನಗು ಬರಲಿಲ್ಲ.

ನಾನು ಈ ಶಾಲೆಗೆ ಸೇರಿದ ವರ್ಷದ ಸಂಕ್ರಾಂತಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ನನ್ನ ತಂದೆಯ ಎತ್ತುಗಳು ಬಂದಿದ್ದವು. ಕಿಲಾರಿ ಜೋಡಿ. ನಮ್ಮ ಕಡೆಯ ಸಂಬಂಧಿಕರೊಬ್ಬರು ಮಾರಾಟಕ್ಕೆ ತಂದಿದ್ದರು. ಎತ್ತುಗಳನ್ನು ಕಡೆಯ ಸಲ ನೋಡಬೇಕೆಂದು ಅತ್ತು ಕರೆದು ನಾನೂ ಹೋಗಿದ್ದೆ. ಸಂತೆಯಲ್ಲಿ ಬೆಲೆ ಹೇಗೆ ಆಗುತ್ತದೆ ಎಂಬುದು ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು. ಬಾಯಿಂದ ಹೇಳುವುದಿಲ್ಲ. ದಲಾಲಿ ಕೈಮೇಲೆ ಟವೆಲ್ ಹಾಕುತ್ತಾನೆ. ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳುತ್ತಾರೆ, ಬೆರಳು ಒತ್ತಿ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಎತ್ತುಗಳು ಕೈಬದಲಾದವು. ನಾನು ಕೇಳಿದೆ: "ಎಷ್ಟಕ್ಕ ಹೋದ್ವು?" ಉತ್ತರ ಬಂತು: "ಹುಡುಗಿ ನೀ, ನಿನಗ್ಯಾಕ ಅದು?"

ನಾನು ಸುಮ್ಮನಾದೆ. ಅವ್ವನ ಕೈಗೆ ಸ್ವಲ್ಪ ಹಣ ಬಂತು. ಅದು ಪೂರ್ತಿಯೋ ಅರೆಯೋ ಯಾರಿಗೂ ಗೊತ್ತಿಲ್ಲ. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ಅವರು ಪ್ರಾಮಾಣಿಕರೇ ಇದ್ದಿರಬಹುದು. ನನಗೆ ನೋವಾದದ್ದು ಬೇರೆ ಕಾರಣಕ್ಕೆ: ನಾನು ಎರಡನೆಯ ಸಲ ಕೇಳಲಿಲ್ಲ. ಹದಿನಾಲ್ಕು ವರ್ಷದವಳಿಗೆ ತಂದೆಯ ಲೆಕ್ಕ ಕೇಳುವ ಹಕ್ಕಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಯಾವ ಕಥೆಯೂ ಹೇಳಿರಲಿಲ್ಲ. ಪೋರ್ಟಿಸ್ ಅದನ್ನು ನಾನು ಹುಟ್ಟುವ ಮೊದಲೇ ಬರೆದಿಟ್ಟಿದ್ದರು. ಅದು ನನ್ನ ಕೈಗೆ ತಲುಪಲು ತಡವಾಯಿತು.

ಈಗ ಸಿನಿಮಾಗಳ ವಿಷಯಕ್ಕೆ ಬರೋಣ. ಒಂದೇ ಕಥೆಯನ್ನು ಎರಡು ಸಲ ಯಾಕೆ ನೋಡಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ಹಿರಿಯರು ಶ್ರೀಕೃಷ್ಣ ಪಾರಿಜಾತವನ್ನು ಎಷ್ಟು ಸಲ ನೋಡಲಿಲ್ಲ? ಕಥೆ ಎಲ್ಲರಿಗೂ ಬಾಯಿಪಾಠ. ಆದರೂ ಹೊಸ ಮೇಳ ಬಂತೆಂದರೆ ಬುತ್ತಿ ಕಟ್ಟಿಕೊಂಡು ಹೋಗಿ ಬೆಳತನಕ ಕೂಡುತ್ತಿದ್ದರು. ಮರುದಿನ ಕಟ್ಟೆಯ ಮೇಲೆ ಚರ್ಚೆ: ಈ ಸಲದ ಸತ್ಯಭಾಮೆ ಹೇಗಿದ್ದಳು, ಹೋದ ಸಲದ ಭಾಗವತ ಹೇಗಿದ್ದ. ಕಾದಂಬರಿ ಓದಿ ಅದರ ಸಿನಿಮಾಗಳನ್ನು ನೋಡುವ ಸುಖವೂ ಅಂಥದ್ದೇ. ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು, ಯಾಕೆ ಬಿಟ್ಟರು ಎಂದು ಕೇಳಿಕೊಳ್ಳುತ್ತ ಹೋದಂತೆ ಕಥೆ ಇನ್ನಷ್ಟು ತೆರೆದುಕೊಳ್ಳುತ್ತದೆ.

1969ರ ಚಿತ್ರದ ನಿರ್ದೇಶಕರು ಹೆನ್ರಿ ಹ್ಯಾಥವೇ, ಚಿತ್ರಕಥೆ ಮಾರ್ಗರೀಟ್ ರಾಬರ್ಟ್ಸ್ ಎಂಬ ಮಹಿಳೆಯದು. ರೂಸ್ಟರ್ ಆದವರು ಜಾನ್ ವೇನ್. ಅಮೆರಿಕದ ಕೌಬಾಯ್ ಚಿತ್ರಗಳಿಗೆ ಅವರೆಂದರೆ ಕನ್ನಡಕ್ಕೆ ರಾಜಕುಮಾರ್ ಇದ್ದ ಹಾಗೆ. ಚಿತ್ರ ಕಣ್ಣಿಗೆ ಹಬ್ಬ. ಕೊಲರಾಡೊದ ಎತ್ತರದ ಬೆಟ್ಟಗಳು, ಹೊನ್ನಿನ ಬಣ್ಣಕ್ಕೆ ತಿರುಗಿದ ಎಲೆಗಳು. ಒಂದೇ ತೊಡಕು, ಕಥೆ ನಡೆಯುವ ಸೀಮೆಯಲ್ಲಿ ಅಂಥ ಬೆಟ್ಟಗಳಿಲ್ಲ. ಟಿಕೋಟಾದ ಕಥೆಯನ್ನು ಕೊಡಗಿಗೆ ಹೋಗಿ ಚಿತ್ರಿಸಿದಂತೆ! ಆದರೂ ಕೊನೆಯಲ್ಲಿ ಆ ಮುದಿ ಮಾರ್ಷಲ್ ಲಗಾಮನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಗಳಲ್ಲಿ ಬಂದೂಕು ಹಿಡಿದು, ನಾಲ್ವರ ಮೇಲೆ ಒಬ್ಬನೇ ಕುದುರೆ ಬಿಡುವಾಗ, ನಮ್ಮ ಹಳೆಯ ಟಾಕೀಸುಗಳಾಗಿದ್ದರೆ ಸಿಳ್ಳೆ ಬೀಳುತ್ತಿತ್ತು.

2010ರ ಚಿತ್ರ ಜೋಯಲ್ ಮತ್ತು ಈಥನ್ ಕೋಯೆನ್ ಎಂಬ ಅಣ್ಣತಮ್ಮಂದಿರದು. ರೂಸ್ಟರ್ ಆಗಿ ಜೆಫ್ ಬ್ರಿಜಸ್, ಲೆಬೀಫ್ ಆಗಿ ಮ್ಯಾಟ್ ಡೇಮನ್, ಮ್ಯಾಟಿಯಾಗಿ ಹೈಲಿ ಸ್ಟೈನ್‌ಫೆಲ್ಡ್. ಇಲ್ಲಿ ಬೋಳು ಮರ, ಹಿಮ, ಕೊರೆಯುವ ಚಳಿ. ಮಕ್ಕಳಿಗೊಂದು ಮೋಜಿನ ಸಂಗತಿ: ಜಾನ್ ವೇನ್ ಕಣ್ಣುಪಟ್ಟಿ ಕಟ್ಟಿದ್ದು ಎಡಗಣ್ಣಿಗೆ, ಬ್ರಿಜಸ್ ಕಟ್ಟಿದ್ದು ಬಲಗಣ್ಣಿಗೆ.

ಆದರೆ ದೊಡ್ಡ ವ್ಯತ್ಯಾಸ ಇರುವುದು ಬೇರೆ ಕಡೆ. ಕಾದಂಬರಿಯನ್ನು ಹೇಳುವವಳು ಮ್ಯಾಟಿಯೇ. ಹುಡುಗಿ ಮ್ಯಾಟಿಯಲ್ಲ, ಮುದುಕಿ ಮ್ಯಾಟಿ. ಮದುವೆಯಾಗದೆ, ಬ್ಯಾಂಕು ನಡೆಸುತ್ತ, ಚರ್ಚಿಗೆ ಹೋಗುತ್ತ ವಯಸ್ಸಾದ ಹೆಂಗಸು ತನ್ನ ಹದಿನಾಲ್ಕನೆಯ ವರ್ಷದ ಚಳಿಗಾಲವನ್ನು ನೆನೆದು ಬರೆಯುತ್ತಾಳೆ. ಅವಳ ಮಾತು ನೆಟ್ಟಗೆ, ಬಿಗಿಯಾಗಿ, ಗ್ರಾಂಥಿಕವಾಗಿ ಇರುತ್ತದೆ. ತಮಾಷೆ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸುವುದೇ ಇಲ್ಲ, ನಾವು ನಗುತ್ತಲೇ ಇರುತ್ತೇವೆ. ಪೋರ್ಟಿಸ್ ಎಳೆಯ ವಯಸ್ಸಿನಲ್ಲಿ ಪತ್ರಿಕೆಯೊಂದರಲ್ಲಿ, ಹಳ್ಳಿಗಳಿಂದ ಹೆಂಗಸರು ಬರೆದು ಕಳಿಸುವ ಊರಸುದ್ದಿಗಳನ್ನು ತಿದ್ದುವ ಕೆಲಸ ಮಾಡಿದ್ದರು. ಮ್ಯಾಟಿಯ ದನಿ ಅಲ್ಲಿಂದಲೂ ಬಂದಿರಬೇಕು. ಅವಳೇನು ದೇವತೆಯಲ್ಲ. ಹಟಮಾರಿ, ಜುಗ್ಗಿ, ಎಲ್ಲರಿಗೂ ಬುದ್ಧಿ ಹೇಳುವವಳು. ಅದಕ್ಕೇ ಅವಳು ನಿಜವೆನಿಸುತ್ತಾಳೆ.

ಹಳೆಯ ಸಿನಿಮಾದಲ್ಲಿ ಈ ಮುದುಕಿಯ ದನಿ ಇಲ್ಲ. ದನಿ ಹೋದಕೂಡಲೇ ಕಥೆ ಮೆಲ್ಲಗೆ ರೂಸ್ಟರ್‌ನ ಕಥೆಯಾಗಿಬಿಡುತ್ತದೆ. ಅಂತ್ಯವೂ ಬದಲಾಗುತ್ತದೆ. ಪುಸ್ತಕದಲ್ಲಿ ಮ್ಯಾಟಿ ಬಂದೂಕಿನ ಒದೆತಕ್ಕೆ ಕುಳಿಯೊಂದಕ್ಕೆ ಬೀಳುತ್ತಾಳೆ, ಕೈ ಮುರಿಯುತ್ತದೆ, ಹಾವು ಕಚ್ಚುತ್ತದೆ. ರೂಸ್ಟರ್ ಅವಳನ್ನು ಅವಳ ಮೆಚ್ಚಿನ ಕುದುರೆಯ ಮೇಲೆ ಹಾಕಿಕೊಂಡು, ಆ ಕುದುರೆ ಸಾಯುವತನಕ ಓಡಿಸುತ್ತಾನೆ, ಆಮೇಲೆ ತಾನೇ ಎತ್ತಿಕೊಂಡು ಓಡುತ್ತಾನೆ. ಜೀವ ಉಳಿಯುತ್ತದೆ. ಕೈಯನ್ನು ಕತ್ತರಿಸಬೇಕಾಗುತ್ತದೆ. 1969ರ ಚಿತ್ರದಲ್ಲಿ ಅವಳ ಕೈ ಉಳಿಯುತ್ತದೆ. ಕೊನೆಗೆ ರೂಸ್ಟರ್ ನಗುತ್ತ ಬೇಲಿ ಹಾರಿಸಿ ಹೊರಟುಹೋಗುತ್ತಾನೆ. ನೋಡಿದವರು ಹಗುರಾಗಿ ಮನೆಗೆ ಹೋಗಬಹುದು. 2010ರ ಚಿತ್ರ ಮುದುಕಿಯ ದನಿಯನ್ನು ಮರಳಿ ತಂದಿತು, ಕತ್ತರಿಸಿದ ಕೈಯನ್ನೂ ತೋರಿಸಿತು. ಕಾಲು ಶತಮಾನದ ಮೇಲೆ ಅವಳು ರೂಸ್ಟರ್‌ನನ್ನು ಕಾಣಲು ಹೋಗುತ್ತಾಳೆ. ಅವನು ಕೆಲವೇ ದಿನಗಳ ಹಿಂದೆ ತೀರಿಕೊಂಡಿರುತ್ತಾನೆ. ಅವಳು ಅವನ ದೇಹವನ್ನು ತರಿಸಿ ತನ್ನ ಮನೆತನದ ನೆಲದಲ್ಲಿ ಮಣ್ಣು ಮಾಡಿಸುತ್ತಾಳೆ. ಜನ ಏನಾದರೂ ಅಂದುಕೊಳ್ಳಲಿ, ಅವಳಿಗೆ ಲೆಕ್ಕವಿಲ್ಲ.

ಈಗ ಪ್ರಶಸ್ತಿಗಳ ಕಥೆ ಕೇಳಿ. ಹಳೆಯ ಚಿತ್ರಕ್ಕೆ ಜಾನ್ ವೇನ್ ಅವರಿಗೆ ಶ್ರೇಷ್ಠ ನಟ ಎಂದು ಆಸ್ಕರ್ ಬಂತು. ಇಡೀ ಬದುಕಿನಲ್ಲಿ ನಟನೆಗೆ ಅವರಿಗೆ ಬಂದ ಆಸ್ಕರ್ ಅದೊಂದೇ. ಹೊಸ ಚಿತ್ರಕ್ಕೆ ಹತ್ತು ನಾಮನಿರ್ದೇಶನ, ಒಂದೂ ಪ್ರಶಸ್ತಿ ಇಲ್ಲ. ಅದು ಹೋಗಲಿ. ರೂಸ್ಟರ್ ಆದ ಬ್ರಿಜಸ್ ಅವರ ಹೆಸರು ಶ್ರೇಷ್ಠ ನಟ ವಿಭಾಗದಲ್ಲಿತ್ತು. ಮ್ಯಾಟಿಯಾದ ಸ್ಟೈನ್‌ಫೆಲ್ಡ್, ಹೆಚ್ಚುಕಡಿಮೆ ಪ್ರತಿ ದೃಶ್ಯದಲ್ಲೂ ಇರುವ ಹುಡುಗಿ, ಇಡೀ ಕಥೆಯನ್ನು ಹೆಗಲ ಮೇಲೆ ಹೊತ್ತ ಹುಡುಗಿ, ಅವಳ ಹೆಸರು ಎಲ್ಲಿತ್ತು ಗೊತ್ತೆ? ಶ್ರೇಷ್ಠ ಪೋಷಕ ನಟಿ ವಿಭಾಗದಲ್ಲಿ. ತನ್ನ ಕಥೆಯಲ್ಲೇ ಅವಳು ಪೋಷಕ ಪಾತ್ರ!

ಇದನ್ನು ಓದಿದಾಗ ನನಗೆ ಆ ಗಂಡೆದೆ ಎಂಬ ಮಾತು ನೆನಪಾಯಿತು. ಮ್ಯಾಟಿ ರೂಸ್ಟರ್‌ನನ್ನು ಆರಿಸಿದ್ದು ಅವನಲ್ಲಿ ಕೆಚ್ಚಿದೆ ಎಂದು ಕೇಳಿ. ಪುಸ್ತಕ ಮುಚ್ಚುವಾಗ ಕೆಚ್ಚು ಯಾರದು ಎಂದು ಓದಿದವರಿಗೆಲ್ಲ ತಿಳಿದಿರುತ್ತದೆ. ನಮ್ಮ ಮಾತೇ ಎದೆಯನ್ನು ಗಂಡಿಗೆ ಬರೆದುಕೊಟ್ಟುಬಿಟ್ಟಿದೆ. ಹೆಣ್ಣುಮಗಳು ಅದನ್ನು ತೋರಿಸಿದರೆ, "ಗಂಡ್ಸಿನಂಗ ಅದಾಳ" ಎನ್ನುತ್ತೇವೆ. ಮ್ಯಾಟಿ ಗಂಡಸಿನ ಹಾಗೆ ಇರಲಿಲ್ಲ. ತನ್ನ ಹಾಗೇ ಇದ್ದಳು.

ಒಂದು ಎಚ್ಚರಿಕೆಯ ಮಾತು. ಸೇಡು ಸಿಹಿ ಎಂದು ಈ ಪುಸ್ತಕ ಹೇಳುವುದಿಲ್ಲ. ಮ್ಯಾಟಿ ಬಯಸಿದ್ದು ಅವಳಿಗೆ ಸಿಕ್ಕಿತು. ಅದಕ್ಕೆ ಅವಳು ಕೊಟ್ಟ ಬೆಲೆ ಒಂದು ಕೈ, ಒಂದು ಪ್ರೀತಿಯ ಕುದುರೆ. ಆ ಬೆಲೆಯನ್ನು ಅವಳು ಮುಚ್ಚಿಡುವುದಿಲ್ಲ, ಅತ್ತು ಹೇಳುವುದೂ ಇಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆದಂತೆ ಬರೆದಿಡುತ್ತಾಳೆ. ಮೂರೂ ರೂಪಗಳನ್ನು ನೋಡಿದ ಮೇಲೆ ನಾನು ಪುಸ್ತಕವನ್ನೇ ಮೇಲೆ ಇಡುವುದು ಇದಕ್ಕಾಗಿ. ಸಿನಿಮಾ ನನಗೆ ಅವಳ ಮುಖ ಕೊಟ್ಟಿತು, ಪುಸ್ತಕ ಅವಳ ದನಿ ಕೊಟ್ಟಿತು. ನೀವೂ ಯಾವುದೇ ಸಿನಿಮಾ ಮೆಚ್ಚಿದರೆ ಅದರ ಹಿಂದೆ ಪುಸ್ತಕವಿದೆಯೇ ಎಂದು ಕೇಳಿರಿ. ಇದ್ದರೆ ಹುಡುಕಿ ಓದಿರಿ. ಇಂಗ್ಲಿಷ್ ಬರುವುದಿಲ್ಲ ಎಂದು ಹೆದರಬೇಡಿ. ಸಿನಿಮಾ ನೋಡಿದ್ದರೆ ಅರ್ಧ ದಾರಿ ಅದೇ ದಾಟಿಸುತ್ತದೆ, ಉಳಿದರ್ಧಕ್ಕೆ ನಿಘಂಟಿದೆ.

ಪುಸ್ತಕ ಮುಗಿಸಿದ ವಾರ ನಾನು ಟಿಕೋಟಾಕ್ಕೆ ಬಂದು ಅವ್ವನನ್ನು ಕೇಳಿದೆ: "ಅವ್ವಾ, ಅಪ್ಪನ ಎತ್ತು ಎಷ್ಟಕ್ಕ ಹೋಗಿದ್ವು?" ಅವಳು ಬಹಳ ಹೊತ್ತು ಯೋಚಿಸಿ, "ಯಾರಿಗ್ಗೊತ್ತವಾ, ನಾ ಕೇಳಲಿಲ್ಲ. ನೀ ಸಂತ್ಯಾಗಿದ್ದೆಲ್ಲ, ನಿನಗ ಗೊತ್ತಿರಬೇಕು ಅಂದ್ಕೊಂಡಿದ್ದೆ" ಎಂದಳು. ಇಷ್ಟು ವರ್ಷ ಅವಳು ನನಗೆ ಗೊತ್ತಿದೆ ಎಂದುಕೊಂಡಿದ್ದಳು, ನಾನು ಅವಳಿಗೆ ಗೊತ್ತಿದೆ ಎಂದುಕೊಂಡಿದ್ದೆ. ಮಾರಿದವರು, ಕೊಂಡವರು, ದಲಾಲಿ, ಯಾರೂ ಈಗಿಲ್ಲ. ಆ ಬೆಲೆ ಟವೆಲ್‌ನ ಕೆಳಗೇ ಉಳಿಯಿತು.

ಇವತ್ತು ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತಾಗ, ಹೆಬ್ಬೆಟ್ಟು ಒತ್ತಲು ಬಂದ ಪ್ರತಿಯೊಬ್ಬ ತಾಯಿಗೂ ಎಷ್ಟು ಹಣ ಬಂತು, ಎಷ್ಟು ಹೋಯಿತು ಎಂದು ಬಾಯಿಬಿಟ್ಟು ಹೇಳಿಯೇ ಕಳಿಸುತ್ತೇನೆ. ಜೊತೆಗೆ ಬಂದ ಹುಡುಗಿ ಇದ್ದರೆ ಅವಳಿಗೂ ಹೇಳುತ್ತೇನೆ. ಸಾಲು ಉದ್ದವಾಗುತ್ತದೆ, ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಮುಂದೆ ಕುಳಿತಿರುವ ಎಂಟನೆಯ ಒಂಬತ್ತನೆಯ ತರಗತಿಯ ಹುಡುಗಿಯರೆ, ನಿಮಗೆ ನಾನು ಹೇಳುವುದು ಇಷ್ಟೆ. ನಿಮ್ಮ ಮನೆಯ ಹೊಲ, ದನ, ಸಾಲ, ನಿಮ್ಮ ಓದು, ನಿಮ್ಮ ಮದುವೆ, ಯಾವುದರ ಮಾತು ನಡೆಯುತ್ತಿದ್ದರೂ "ಎಷ್ಟು? ಯಾಕೆ?" ಎಂದು ಕೇಳಿರಿ. "ನಿನಗ್ಯಾಕ ಅದು" ಎಂದರೆ ಇನ್ನೊಂದು ಸಲ ಕೇಳಿರಿ. ಹುಡುಗರೆ, ನಿಮ್ಮ ಅಕ್ಕತಂಗಿಯರು ಕೇಳಿದಾಗ ನೀವು ನಗಬೇಡಿರಿ, ಅವರ ಪಕ್ಕದಲ್ಲಿ ನಿಲ್ಲಿರಿ.

ಈ ಪುಸ್ತಕದ ಎರಡು ಪ್ರತಿಗಳನ್ನೂ ಒಂದು ಇಂಗ್ಲಿಷ್–ಕನ್ನಡ ನಿಘಂಟನ್ನೂ ಶಾಲೆಯ ಗ್ರಂಥಾಲಯಕ್ಕೆ ತಂದಿದ್ದೇನೆ. ದಯವಿಟ್ಟು ಬೀರುವಿಗೆ ಬೀಗ ಹಾಕಬೇಡಿರಿ. ಪುಸ್ತಕ ಹರಿದರೆ ಹರಿಯಲಿ, ಮತ್ತೆ ತರುತ್ತೇನೆ.